ಜನರೇಟರ್‌ಗೆ ನಾಲ್ಕು ಪೋಲ್ ಚೇಂಜ್‌ಓವರ್: ನನ್ನ ಅನುಭವ

ಚೇಂಜ್‌ಓವರ್ ಅಂದರೆ ಲೋಡನ್ನು ಮೇನ್‌ನಿಂದ (ಕಂಬದ ಕರೆಂಟಿನಿಂದ) ಜನರೇಟರ್‌ಗೆ ಬದಲಿಸುವ ಸ್ವಿಚ್. ನಾಲ್ಕು ಪೋಲ್‌ನದು ಮೂರು ಫೇಸ್‌ಗಳ ಜೊತೆ ನ್ಯೂಟ್ರಲ್ ತಂತಿಯನ್ನೂ (ಕರೆಂಟು ತಿರುಗಿ ಹೋಗುವ ತಂತಿ) ಬದಲಿಸುತ್ತದೆ. ನ್ಯೂಟ್ರಲ್‌ಗೆ ಸ್ವಿಚ್ ಹಾಕಲೇಬಾರದು ಅಂತ ಕಲಿತ ಮಂದಿಗೆ ನಾಲ್ಕನೇ ಪೋಲ್ ಅಂದರೆ ಇವತ್ತಿಗೂ ಅನುಮಾನ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ನ 62.5 ಕೆವಿಎ ಜನರೇಟರ್‌ಗೆ ಇದನ್ನು ಹಾಕುವಾಗ "ಮಷಿನ್ ಸುಡ್ತಾವ ನೋಡ್ರಿ" ಅಂದವರೇ ಹೆಚ್ಚು. ಮಳೆಗಾಲ ಬಂದುಹೋಯಿತು, ಮೇನ್ ಕಡೆಯ 300 ಮಿಲಿಆಂಪ್ ಆರ್‌ಸಿಸಿಬಿ (ಹೋದ ಕರೆಂಟಿಗೂ ತಿರುಗಿ ಬಂದ ಕರೆಂಟಿಗೂ ವ್ಯತ್ಯಾಸವಾದರೆ ತಾನೇ ಬೀಳುವ ಸುರಕ್ಷಾ ಸ್ವಿಚ್) ಸುಮ್ಮಸುಮ್ಮನೆ ಬಿದ್ದಿಲ್ಲ, ಒಂದು ಬೋರ್ಡೂ ಸುಟ್ಟಿಲ್ಲ.

1956ರ ಭಾರತೀಯ ವಿದ್ಯುತ್ ನಿಯಮಗಳ 32ನೇ ನಿಯಮ ಬೇಡ ಅಂದದ್ದು ನ್ಯೂಟ್ರಲ್ ಒಂದಕ್ಕೇ ಹಾಕುವ ಸ್ವಿಚ್ಚು, ಫ್ಯೂಸು. ಫೇಸ್‌ಗಳ ಕೂಡ ಒಟ್ಟಿಗೆ ತೆರೆದು ಮುಚ್ಚುವ ಲಿಂಕ್ಡ್ ಸ್ವಿಚ್‌ಗೂ ಟೆಸ್ಟಿಂಗ್ ಲಿಂಕ್‌ಗೂ (ಪರೀಕ್ಷೆಗೆ ಬಿಚ್ಚುವ ತುಂಡಿಗೂ) ಅದರಲ್ಲೇ ಅವಕಾಶ ಇತ್ತು.

ಮೊದಲು ಅಲ್ಲಿ ಇದ್ದದ್ದು ಮೂರು ಪೋಲ್. ಎರಡೂ ನ್ಯೂಟ್ರಲ್ ಒಂದೇ ಬಾರ್‌ಗೆ, ಅದರ ಜೊತೆಗೆ ಜನರೇಟರ್ ನ್ಯೂಟ್ರಲ್‌ಗೆ ಬೇರೆ ಎರಡು ಅರ್ಥ್ ಪಿಟ್ (ತಂತಿಯನ್ನು ನೆಲಕ್ಕೆ ಜೋಡಿಸುವ ಗುಂಡಿ). ಮಧ್ಯಾಹ್ನ ಸಿಂಗಲ್ ಫೇಸ್ ಲೋಡ್ ಏರಿದಾಗ ಮಾತ್ರ ಆರ್‌ಸಿಸಿಬಿ ಬೀಳುತ್ತಿತ್ತು. ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ: ನ್ಯೂಟ್ರಲ್‌ನಲ್ಲಿ 20 ಆಂಪ್ ಹರಿದು ಸರ್ವಿಸ್ ಕೇಬಲ್‌ನಲ್ಲಿ 2 ವೋಲ್ಟ್ ಬಿದ್ದರೆ, ಪಿಟ್‌ನಿಂದ ಟ್ರಾನ್ಸ್‌ಫಾರ್ಮರ್ ಅರ್ಥ್‌ವರೆಗೆ 4 ಓಮ್ ಇದ್ದರೂ ಅರ್ಧ ಆಂಪ್ ನೆಲದೊಳಗಿಂದ ಹೋಗುತ್ತದೆ. 300 ಮಿಲಿಆಂಪ್ ಬೀಳಲು ಅಷ್ಟು ಸಾಕು.

ಗಿರಾಕಿಯ ರೊಕ್ಕ ಮೊದಲು ಹೋದದ್ದು ಹೊಸ ಆರ್‌ಸಿಸಿಬಿಗೆ, ನಾಲ್ಕೈದು ಸಾವಿರ. ಆಮೇಲೆ ಪಿಟ್‌ಗೆ ಉಪ್ಪು, ಇದ್ದಿಲು ತುಂಬಿ ಅರ್ಥ್ ಸುಧಾರಿಸಿದರು. ಓಮ್ ಇಳಿದಷ್ಟೂ ನೆಲದ ದಾರಿ ಸಲೀಸಾಗಿ, ಟ್ರಿಪ್ ಇನ್ನೂ ಹೆಚ್ಚಾಯಿತು. ಜನರೇಟರ್ ನ್ಯೂಟ್ರಲ್‌ನ ಅರ್ಥ್ ಬಿಚ್ಚಿದರೆ ಟ್ರಿಪ್ ನಿಲ್ಲುತ್ತದೆ, ಆದರೆ ಸರ್ವಿಸ್ ನ್ಯೂಟ್ರಲ್ ಕಂಬದಲ್ಲಿ ಕಡಿದ ದಿನ ಜನರೇಟರ್‌ಗೆ ಅರ್ಥೇ ಇರುವುದಿಲ್ಲ. ಕಂಬ ಹತ್ತಿದ ಲೈನ್‌ಮನ್ ಕೈಗೆ ನಮ್ಮ ನ್ಯೂಟ್ರಲ್ ಸಿಗುವ ಅಪಾಯವೂ ಇದೆ. ನ್ಯೂಟ್ರಲ್ ಸ್ವಿಚ್ ಆಗುವುದಾದರೆ ಜನರೇಟರ್ ನ್ಯೂಟ್ರಲ್ ಅಲ್ಲೇ ಅರ್ಥ್ ಆಗಬೇಕು. ಸ್ವಿಚ್ ಇಲ್ಲದಿದ್ದರೆ ಅಲ್ಲಿ ಅರ್ಥ್ ಕೂಡದು. ಅರ್ಧ ಅದು ಅರ್ಧ ಇದು ನಡೆಯುವುದಿಲ್ಲ.

62.5 ಕೆವಿಎ ಅಂದರೆ 87 ಆಂಪ್. ಹಾಕಿದ್ದು 100 ಆಂಪ್ ಆನ್‌ಲೋಡ್ (ಲೋಡ್ ಇರುವಾಗಲೇ ತಿರುಗಿಸಬಹುದಾದ) ನಾಲ್ಕು ಪೋಲ್, ನೆನಪಿನ ಪ್ರಕಾರ ಏಳೆಂಟು ಸಾವಿರ. ನ್ಯೂಟ್ರಲ್ ಕಾಂಟ್ಯಾಕ್ಟ್ ಫೇಸ್‌ನಷ್ಟೇ ಆಂಪ್‌ನದು ಇರಬೇಕು. ಕಂಪ್ಯೂಟರ್, ಎಲ್‌ಇಡಿ ಡ್ರೈವರ್‌ಗಳ ಮೂರನೇ ಹಾರ್ಮೋನಿಕ್ (ಮೂರು ಪಟ್ಟು ವೇಗದಲ್ಲಿ ಏರಿಳಿಯುವ ಕರೆಂಟು) ನ್ಯೂಟ್ರಲ್‌ನಲ್ಲಿ ಕೂಡುತ್ತದೆ, ರದ್ದಾಗುವುದಿಲ್ಲ. ಅದಕ್ಕೇ ನ್ಯೂಟ್ರಲ್ ತೆಳ್ಳಗಿರುವ ಮೂರೂವರೆ ಕೋರ್ ಕೇಬಲ್ ಬಿಟ್ಟು ನಾಲ್ಕು ಕೋರ್ 50 ಚದರ ಮಿಮೀ ಅಲ್ಯೂಮಿನಿಯಂ ಎಳೆದೆ. ಮೇನ್ ಕಡೆಯ ಆರ್‌ಸಿಸಿಬಿ ಜನರೇಟರ್ ಓಡುವಾಗ ರಕ್ಷಣೆ ಕೊಡುವುದಿಲ್ಲ, ಆ ಕಡೆಗೆ ಇನ್ನೊಂದು ಬೇಕೇ ಬೇಕು.

ಇಷ್ಟಾದರೂ ಮೇನ್, ಜನರೇಟರ್ ಎರಡರ ನಡುವೆ ಕಳ್ಳಜೋಡಣೆ ಉಳಿಯುತ್ತದೆ. ಎಎಂಎಫ್ ಕಂಟ್ರೋಲರ್‌ನಲ್ಲಿ (ಕರೆಂಟು ಹೋದರೆ ಜನರೇಟರನ್ನು ತಾನೇ ಚಾಲೂ ಮಾಡುವ ಸಾಧನ) ಕರೆಂಟು ಇದೆಯೇ ಅಂತ ನೋಡುವ ಮೇನ್ ಸೆನ್ಸಿಂಗ್, ಜನರೇಟರ್ ಸೆನ್ಸಿಂಗ್ ನ್ಯೂಟ್ರಲ್‌ಗಳಿಗೆ ಯಾರೋ ತುಂಡು ವೈರ್ ಹಾಕಿರುತ್ತಾರೆ. ಬ್ಯಾಟರಿ ಚಾರ್ಜರ್‌ಗೆ ಫೇಸ್ ಮೇನ್‌ನಿಂದ, ನ್ಯೂಟ್ರಲ್ ಜನರೇಟರ್‌ನಿಂದ ಕೊಟ್ಟಿರುತ್ತಾರೆ. ಜನರೇಟರ್ ನಿಲ್ಲಿಸಿ, ಮೇನ್ ಫೇಸ್‌ಗಳು ಸತ್ತದ್ದು ಟೆಸ್ಟರ್‌ನಲ್ಲಿ ಖಾತ್ರಿ ಮಾಡಿ, ಚೇಂಜ್‌ಓವರ್ ನಡುವೆ ನಿಲ್ಲಿಸಿ, ಮೇನ್ ಸ್ವಿಚ್‌ನ ನ್ಯೂಟ್ರಲ್ ಲಿಂಕ್ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಎರಡೂ ನ್ಯೂಟ್ರಲ್ ನೋಡಿ. ಬೀಪ್ ಬಂದರೆ ಜೋಡಣೆ ಇದೆ. ಲಿಂಕ್ ಮತ್ತೆ ಬಿಗಿದ ಮೇಲೆಯೇ ಫೇಸ್ ಕೊಡಬೇಕು. ಪ್ಯಾನೆಲ್ ಪೂರ್ತಿ ಬಿಚ್ಚದೆ ಆ ಕಳ್ಳಜೋಡಣೆಯ ಜಾಗವನ್ನು ಹತ್ತು ನಿಮಿಷದಲ್ಲಿ ಹುಡುಕುವ ದಾರಿ ಒಂದಿದೆ, ಅದು ನಮ್ಮ ಅಂಗಡಿಯಲ್ಲೇ ಇರಲಿ.

ಮನೆ ಇನ್ವರ್ಟರ್‌ನಲ್ಲೂ ಇದೇ ಕಥೆ. ಇನ್ವರ್ಟರ್‌ಗೆ ಫೇಸ್ ಹೋದದ್ದು 30 ಮಿಲಿಆಂಪ್ ಆರ್‌ಸಿಸಿಬಿ ದಾಟಿ, ಲೈಟ್‌ಗಳ ನ್ಯೂಟ್ರಲ್ ತಿರುಗಿದ್ದು ಅದಕ್ಕೂ ಮುಂಚಿನ ಬಾರ್‌ಗೆ ಇದ್ದರೆ, ಒಂದು 9 ವ್ಯಾಟ್ ಬಲ್ಬ್ ಹಾಕಿದರೂ ಬೀಳುತ್ತದೆ.

ಖರ್ಚು ಉಳಿಸಲು ಎರಡು ನಾಲ್ಕು ಪೋಲ್ ಕಾಂಟ್ಯಾಕ್ಟರ್‌ಗಳಲ್ಲೂ (ಕಾಯಿಲ್‌ಗೆ ಕರೆಂಟು ಕೊಟ್ಟರೆ ಕೂಡುವ ಸ್ವಿಚ್) ಮಾಡಿ ನೋಡಿದೆ. ಬೆಂಚ್ ಮೇಲೆ ಮೂರು ಫೇಸ್‌ಗೆ 200, 60, 15 ವ್ಯಾಟ್‌ನ ಹಳೆ ತಂತಿ ಬಲ್ಬ್. ನ್ಯೂಟ್ರಲ್ ಮೊದಲು ಬಿಟ್ಟರೆ, ಇಲ್ಲವೇ ತಡವಾಗಿ ಕೂಡಿದರೆ, 15ರ ಬಲ್ಬ್ ಝಗ್ಗನೆ ಹೊಳೆಯುತ್ತದೆ. ಅದರ ಮೇಲೆ ಆಗ 230 ವೋಲ್ಟ್ ಅಲ್ಲ, 350ರ ಹತ್ತಿರ. ಹೊಸ ಕಾಂಟ್ಯಾಕ್ಟರ್‌ನಲ್ಲಿ ಸುಮ್ಮನಿದ್ದದ್ದು ಕಾಂಟ್ಯಾಕ್ಟ್ ಸವೆದ ಹಳೆಯದರಲ್ಲಿ ಹೊಳೆಯಿತು. ಹಾಗಾಗಿ ಮೊದಲು ಕೂಡಿ ಕೊನೆಗೆ ಬಿಡುವ ನ್ಯೂಟ್ರಲ್ ಅಂತ ಕ್ಯಾಟಲಾಗ್‌ನಲ್ಲಿ ಬರೆದಿರುವ ಸ್ವಿಚ್ಚೇ ತೆಗೆದುಕೊಳ್ಳುತ್ತೇನೆ, ಎರಡು ಸಾವಿರ ಹೆಚ್ಚಾದರೂ.