15 ಗ್ಯಾಲನ್ ಪಾತ್ರೆಗೆ ಸರಿಯಾದ ಬರ್ನರ್ ಹುಡುಕಿದ್ದು: ನನ್ನ ಅನುಭವ

ಮೊದಲೆಲ್ಲ ನಾನು ಬಿಯರ್ ಮಾಡುತ್ತಿದ್ದದ್ದು 5 ಗ್ಯಾಲನ್ ಲೆಕ್ಕದಲ್ಲಿ, ಅಂದರೆ ಸುಮಾರು 19 ಲೀಟರ್. ಅಷ್ಟಕ್ಕೆ ಅಡುಗೆಮನೆಯ ಒಲೆಯೇ ಸಾಕಾಗುತ್ತಿತ್ತು. ಎರಡು ಬರ್ನರ್‌ಗಳ ಮೇಲೆ ಪಾತ್ರೆಯನ್ನು ಅಡ್ಡಲಾಗಿ ಇಟ್ಟು ಹೇಗೋ ಕುದಿಸುತ್ತಿದ್ದೆ. ಆಮೇಲೆ ಒಂದು ಆಸೆ ಬಂತು. ಹೇಗೂ ಇಡೀ ದಿನ ಹೋಗುತ್ತದೆ, ಅದೇ ದಿನದಲ್ಲಿ ಎರಡರಷ್ಟು ಮಾಡಬಹುದಲ್ವಾ? 15 ಗ್ಯಾಲನ್‌ನ ಸ್ಟೀಲ್ ಪಾತ್ರೆ ತಂದೆ. 49 ಲೀಟರ್ ನೀರು ತುಂಬಿ ಅದೇ ಒಲೆಯ ಮೇಲೆ ಇಟ್ಟೆ. ಎರಡು ಗಂಟೆಯಾದರೂ ಹಬೆ ಏಳುತ್ತಿತ್ತು ಅಷ್ಟೇ, ಒಂದು ಗುಳ್ಳೆ ಸರಿಯಾಗಿ ಬರಲಿಲ್ಲ. ಅವತ್ತೇ ಹೊರಗಡೆ ಇಟ್ಟು ಉರಿಸುವ, ಸಿಲಿಂಡರಿನ ಪ್ರೊಪೇನ್ ಗ್ಯಾಸಿನ ಬರ್ನರ್ ಬೇಕೆಂದು ಗೊತ್ತಾಯಿತು.

ನಾನಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಫೋರ್ಟ್ ಕಾಲಿನ್ಸ್ ಊರಿನಲ್ಲಿ. ಇಲ್ಲಿ ಸ್ವಂತಕ್ಕೆ ಬಿಯರ್ ಮಾಡುವುದು ಕಾನೂನಿಗೆ ಒಪ್ಪಿತ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ ಮಾಡಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಹಾಗಲ್ಲ. ಅಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಊರಿನಲ್ಲಿ ಓದುತ್ತಿರುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ರಾಗಿಯನ್ನು ಮೊಳಕೆ ಬರಿಸಿ ಒಣಗಿಸುವ ಹಾಗೆಯೇ ಬಾರ್ಲಿಯನ್ನೂ ಮಾಡಿರುತ್ತಾರೆ. ಅದನ್ನು ಒಡೆದು ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಸಿಹಿಯಾದ ನೀರು ಬರುತ್ತದೆ. ಇದಕ್ಕೆ ವರ್ಟ್ ಅನ್ನುತ್ತಾರೆ. ವರ್ಟನ್ನು ಸೋಸಿ, ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವು ಹಾಕಿ, ಒಂದು ಗಂಟೆ ಚೆನ್ನಾಗಿ ಕುದಿಸಬೇಕು. 10 ಗ್ಯಾಲನ್ ಬಿಯರ್ ಬೇಕಾದರೆ ಸುಮಾರು 13 ಗ್ಯಾಲನ್‌ನಿಂದ ಶುರು ಮಾಡುತ್ತೇನೆ. ಆವಿಯಾಗಿ ಹೋಗುವುದು, ತಳದಲ್ಲಿ ಉಳಿಯುವುದು ಎಲ್ಲ ಕಳೆದರೆ ಲೆಕ್ಕ ಸರಿಹೋಗುತ್ತದೆ.

ಮೊದಲು ಕೊಂಡದ್ದು ಒಂದೇ ತೂತಿನ ಜೆಟ್ ಬರ್ನರ್. ಟರ್ಕಿ ಕೋಳಿ ಕರಿಯುವವರು ಬಳಸುವ ಬಗೆಯದು. ಅದನ್ನು ಆರಿಸಿದ್ದಕ್ಕೆ ಕಾರಣ ಒಂದೇ, ಡಬ್ಬದ ಮೇಲೆ 1,85,000 ಬಿಟಿಯು (ಶಾಖದ ಅಳತೆ) ಎಂದು ದೊಡ್ಡದಾಗಿ ಬರೆದಿತ್ತು. ಹಚ್ಚಿದಾಗ ಬಂದ ಸದ್ದು ಕೇಳಿ ಖುಷಿಯಾಯಿತು. ಮದುವೆ ಮನೆಯ ಹಿತ್ತಲಿನಲ್ಲಿ ಅಡುಗೆ ಭಟ್ಟರು ಸಾರಿನ ಕೊಪ್ಪರಿಗೆ ಇಟ್ಟು ಉರಿಸುವ ಒಲೆಯದೇ ಭೋರ್ ಅನ್ನುವ ಸದ್ದು. 27 ನಿಮಿಷಕ್ಕೆ ನೀರು ಕುದಿಯಿತು. ಅಡುಗೆಮನೆಯ ಒಲೆ ನೋಡಿದವನಿಗೆ ಇದು ಪವಾಡ.

ಮೂರನೇ ಬ್ಯಾಚಿನಲ್ಲಿ ತೊಂದರೆ ಬಂತು. ಅವತ್ತು ಗೋಧಿ ಬಿಯರ್. ಕುದಿ ಮುಗಿಯುವ ಹೊತ್ತಿಗೆ ಒಂದು ವಾಸನೆ ಮೂಗಿಗೆ ಬಡಿಯಿತು. ಪಾಯಸ ತಳ ಹಿಡಿದಾಗ ಬರುತ್ತದಲ್ಲ, ಅದೇ. ಪಾತ್ರೆ ಬರಿದು ಮಾಡಿ ನೋಡಿದರೆ ತಳದ ನಟ್ಟನಡುವೆ ಅಂಗೈಯಗಲದ ಕಪ್ಪು ಕಲೆ. ಸುತ್ತಲೂ ಸ್ಟೀಲ್ ಫಳಫಳ ಹೊಳೆಯುತ್ತಿತ್ತು. ಜೆಟ್ ಬರ್ನರ್‌ನ ಗುಣವೇ ಅದು, ಬೆಂಕಿಯೆಲ್ಲ ಒಂದೇ ಕಡೆಗೆ ಈಟಿಯ ಹಾಗೆ ನುಗ್ಗುತ್ತದೆ. ನೀರಿಗೆ, ಎಣ್ಣೆಗೆ ಅದು ನಡೆಯುತ್ತದೆ. ಸಿಹಿ ಇರುವ, ಹಿಟ್ಟಿನ ಚೂರು ತಳಕ್ಕೆ ಕೂರುವ ವರ್ಟಿಗೆ ನಡೆಯುವುದಿಲ್ಲ. ಆ 10 ಗ್ಯಾಲನ್ ಬಿಯರಿನಲ್ಲಿ ಸೀದ ರುಚಿ ಕೊನೆಯವರೆಗೂ ಹೋಗಲಿಲ್ಲ. ಚೆಲ್ಲಿದೆ. ಬಹಳ ಬೇಜಾರಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಬೇಕಾದ ಶಾಖವೇ ಒಂದು ಬಿಟಿಯು. ಬರ್ನರ್ ಮೇಲೆ ಬರೆಯುವುದು ಗಂಟೆಗೆ ಎಷ್ಟು ಬಿಟಿಯು ಎಂದು. 13 ಗ್ಯಾಲನ್ ನೀರು ಸುಮಾರು 108 ಪೌಂಡ್. ನಮ್ಮೂರು 5,000 ಅಡಿ ಎತ್ತರದಲ್ಲಿದೆ, ನೀರು 95 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ನಲ್ಲಿ ನೀರಿನಿಂದ ಅಲ್ಲಿಗೆ ತರಲು 15,000 ಬಿಟಿಯು ಸಾಕು. ಡಬ್ಬದ ಮೇಲಿನ ಅಂಕಿಯಷ್ಟು ಶಾಖ ಪೂರ್ತಿ ನೀರಿಗೆ ಹೋಗಿದ್ದರೆ 5 ನಿಮಿಷಕ್ಕೆ ಕುದಿಯಬೇಕಿತ್ತು! ಆದರೆ ಅಷ್ಟು ಗ್ಯಾಸ್ ಬಿಟ್ಟರೆ ಜ್ವಾಲೆ ಪಾತ್ರೆಯ ತಳದಲ್ಲಿ ನಿಲ್ಲುವುದಿಲ್ಲ, ಪಕ್ಕದಿಂದ ಮೇಲೆ ಹೋಗಿ ಆಕಾಶವನ್ನು ಬಿಸಿ ಮಾಡುತ್ತದೆ.

ಹಾಗಾದರೆ ನೀರಿಗೆ ಎಷ್ಟು ಹೋಗುತ್ತಿದೆ? ತಿಳಿಯಲು ಒಂದು ಸುಲಭ ದಾರಿ ಇದೆ. ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗಲು ಮನೆಯಲ್ಲಿ ಒಂದು ಕೈತಕ್ಕಡಿ ಇಟ್ಟುಕೊಂಡಿರುತ್ತೇವಲ್ಲ, ಅದರಲ್ಲಿ ಸಿಲಿಂಡರ್ ತೂಗಿ. ಕುದಿಸುವ ಮುಂಚೆ ಒಮ್ಮೆ, ಕುದಿ ಬಂದ ಮೇಲೆ ಒಮ್ಮೆ. ನನ್ನ ಜೆಟ್ ಬರ್ನರ್ 49 ಲೀಟರ್ ಕುದಿಸಲು 900 ಗ್ರಾಂ ಪ್ರೊಪೇನ್ ತಿಂದಿತ್ತು. ಆ ಗ್ಯಾಸಿನ ಮೂರರಲ್ಲಿ ಎರಡು ಪಾಲು ಶಾಖ ಗಾಳಿಗೆ ಹೋಗಿತ್ತು.

ಆಗ ತಂದದ್ದು ಬ್ಯಾಂಜೊ ಬರ್ನರ್. ಎರಕದ ಕಬ್ಬಿಣದ ಅಗಲವಾದ ತಟ್ಟೆ, ಅದಕ್ಕೊಂದು ಉದ್ದ ಕೊಳವೆ. ನೋಡಲು ಬ್ಯಾಂಜೊ ವಾದ್ಯದ ಹಾಗೆಯೇ ಇರುತ್ತದೆ. ನನ್ನದು ಬೇಯೂ ಕ್ಲಾಸಿಕ್ ಕಂಪನಿಯದು, 10 ಇಂಚು ಅಗಲ. ಸಣ್ಣ ಸಣ್ಣ ತೂತುಗಳು ಇಡೀ ತಟ್ಟೆಯ ಮೇಲೆ ಹರಡಿವೆ. ನನ್ನ ಪಾತ್ರೆಯ ತಳ 16 ಇಂಚು, ಹಾಗಾಗಿ ಜ್ವಾಲೆ ತಳದ ಒಳಗೇ ಹರಡಿ ಅಂಚಿಗೆ ಬರುವಷ್ಟರಲ್ಲಿ ಶಾಖ ಬಿಟ್ಟುಕೊಟ್ಟಿರುತ್ತದೆ. ಸಣ್ಣ ಪಾತ್ರೆಗೆ ಇದೇ ಬರ್ನರ್ ದಂಡ. ಬರ್ನರ್‌ಗಿಂತ ಪಾತ್ರೆ ಸುತ್ತಲೂ ಎರಡು ಮೂರು ಇಂಚಾದರೂ ದೊಡ್ಡದಿರಬೇಕು ಅನ್ನುವುದು ನನ್ನ ಅನುಭವದ ಅಳತೆ.

ಮೊದಲ ದಿನ ಇದೂ ಗಾಬರಿ ಹುಟ್ಟಿಸಿತು. ಹಚ್ಚಿದರೆ ದೀಪದ ಕುಡಿಯಷ್ಟು ಜ್ವಾಲೆ. ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಅಷ್ಟೇ. ಕೆಟ್ಟ ಮಾಲು ಬಂದಿದೆ ಅಂದುಕೊಂಡು ವಾಪಸ್ ಕಟ್ಟಲು ಹೊರಟಿದ್ದೆ. ಪಕ್ಕದ ಬೀದಿಯ ಗೆಳೆಯ, ಅವನೂ ಬಿಯರ್ ಮಾಡುವವನು, ಬಂದು ನೋಡಿದ. "ಸಿಲಿಂಡರ್ ಹೇಗೆ ತೆರೆದೆ?" ಅಂತ ಕೇಳಿದ. ನಾನು ಬರ್ನರ್ ಕಡೆಯ ವಾಲ್ವ್ ತೆರೆದಿಟ್ಟು ಸಿಲಿಂಡರನ್ನು ಒಮ್ಮೆಗೇ ತಿರುಗಿಸಿದ್ದೆ. ಇಲ್ಲಿನ ಸಿಲಿಂಡರ್ ಜೋಡಣೆಯಲ್ಲಿ ಒಂದು ಸುರಕ್ಷತೆಯ ವ್ಯವಸ್ಥೆ ಇದೆ. ಗ್ಯಾಸ್ ದಿಢೀರನೆ ನುಗ್ಗಿದರೆ ಪೈಪ್ ಒಡೆದಿದೆ ಎಂದು ತಿಳಿದು ಅದು ಹರಿವನ್ನು ತಡೆಯುತ್ತದೆ. ಎಲ್ಲವನ್ನೂ ಮುಚ್ಚಿ, ಒಂದೆರಡು ನಿಮಿಷ ಬಿಟ್ಟು, ಮೊದಲು ಸಿಲಿಂಡರನ್ನು ನಿಧಾನಕ್ಕೆ ತೆರೆದು ಆಮೇಲೆ ಬರ್ನರ್ ತೆರೆದೆವು. ಬರ್ನರ್ ಹೂವಿನ ಹಾಗೆ ಅರಳಿತು.

ರೆಗ್ಯುಲೇಟರ್ ವಿಷಯದಲ್ಲಿ ಜಾಸ್ತಿ ಜನ ಎಡವುತ್ತಾರೆ. ಬಾರ್ಬೆಕ್ಯೂ ಒಲೆಯ ರೆಗ್ಯುಲೇಟರ್ ಕಡಿಮೆ ಒತ್ತಡದ್ದು, ಅರ್ಧ ಪಿಎಸ್‌ಐಗೂ (ಒತ್ತಡದ ಅಳತೆ, ಚದರ ಇಂಚಿಗೆ ಎಷ್ಟು ಪೌಂಡ್ ಎಂದು) ಕಡಿಮೆ. ನನ್ನ ಬ್ಯಾಂಜೊ ಬರ್ನರ್‌ನದು 30 ಪಿಎಸ್‌ಐವರೆಗೆ ಹೊಂದಿಸಬಹುದಾದದ್ದು. ಗ್ಯಾಸ್ ಬರುವ ಸೂಜಿತೂತನ್ನು ಅದಕ್ಕೆ ತಕ್ಕ ಅಳತೆಗೆ ಕೊರೆದಿರುತ್ತಾರೆ. ಒಂದರದ್ದನ್ನು ಇನ್ನೊಂದಕ್ಕೆ ಸಿಕ್ಕಿಸಬಾರದು. ಮನೆಗೆ ಪೈಪಿನಲ್ಲಿ ಬರುವ ನ್ಯಾಚುರಲ್ ಗ್ಯಾಸಿಗೆ ತೂತಿನ ಅಳತೆಯೇ ಬೇರೆ.

ಅದೇ 49 ಲೀಟರ್, ಅದೇ ಪಾತ್ರೆ. ಬ್ಯಾಂಜೊ ಬರ್ನರನ್ನು ಅರ್ಧಕ್ಕಿಂತ ಕೆಳಗೇ ಇಟ್ಟು ಉರಿಸಿದೆ. 35 ನಿಮಿಷ, 630 ಗ್ರಾಂ. ಎಂಟು ನಿಮಿಷ ಜಾಸ್ತಿ ಹಿಡಿಯಿತು, ಗ್ಯಾಸ್ ಮಾತ್ರ ನೂರಕ್ಕೆ 30 ಪಾಲು ಉಳಿಯಿತು. ಆ ಎಂಟು ನಿಮಿಷದಲ್ಲಿ ನಾನು ಹಾಪ್ಸ್ ತೂಗಿ ಮುಗಿಸುತ್ತೇನೆ. ಪಕ್ಕದ ಮನೆಯವರ ಜೊತೆ ಮಾತಾಡುವಷ್ಟು ಸದ್ದು ಕಡಿಮೆ. ಮುಖ್ಯವಾಗಿ, ತಗ್ಗಿಸಿದರೂ ಆರುವುದಿಲ್ಲ. ಮೊದಲ ಕುದಿ ಬರುವಾಗ ವರ್ಟ್ ಹಾಲಿನ ಹಾಗೆ ಉಕ್ಕುತ್ತದೆ. ಆ ಗಳಿಗೆಯಲ್ಲಿ ಉರಿಯನ್ನು ತಟ್ಟನೆ ಕೆಳಗಿಳಿಸಲು ಆಗಬೇಕು. ಜೆಟ್ ಬರ್ನರನ್ನು ತಗ್ಗಿಸಿದರೆ ಸಣ್ಣ ಗಾಳಿಗೂ ನಂದುತ್ತಿತ್ತು. ಬರ್ನರ್ ಎಷ್ಟು ಜೋರಾಗಿ ಉರಿಯುತ್ತದೆ ಅನ್ನುವುದಕ್ಕಿಂತ ಎಷ್ಟು ಸಣ್ಣಗೆ ಸ್ಥಿರವಾಗಿ ಉರಿಯುತ್ತದೆ ಅನ್ನುವುದನ್ನು ನಾನು ಈಗ ಮೊದಲು ಕೇಳುತ್ತೇನೆ.

ನಮ್ಮೂರಿನಲ್ಲಿ ಗಾಳಿ ಜಾಸ್ತಿ, ಪಶ್ಚಿಮದ ಬೆಟ್ಟಗಳಿಂದ ಇಳಿದು ಬರುತ್ತದೆ. ಹಾಗಾಗಿ ಬರ್ನರ್ ಸುತ್ತ ತಗಡಿನ ಮರೆ ಇರುವ ಸ್ಟ್ಯಾಂಡ್ ಒಳ್ಳೆಯದು. ಆದರೆ ನಾಲ್ಕೂ ಕಡೆ ಪೂರ್ತಿ ಮುಚ್ಚಬೇಡಿ. ಬೆಂಕಿಗೆ ಗಾಳಿ ಬೇಕು, ಒಳಗೆ ಕೂಡಿದ ಶಾಖ ಪೈಪನ್ನು ಸುಡುತ್ತದೆ. ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಕೊಳವೆಯ ಬಾಯಿಯ ಗಾಳಿಬಿಲ್ಲೆಯನ್ನು ಇನ್ನಷ್ಟು ತೆರೆಯಬೇಕು. ಇಲ್ಲಿನ ತೆಳು ಗಾಳಿಗೆ ನಾನು ಪೂರ್ತಿಯೇ ತೆರೆದಿಟ್ಟಿದ್ದೇನೆ. ಸ್ಟ್ಯಾಂಡಿನ ಬಲವನ್ನೂ ನೋಡಿ, ತುಂಬಿದ ಪಾತ್ರೆ 55 ಕಿಲೋ ದಾಟುತ್ತದೆ. ಕೊಳ್ಳುವ ಮುಂಚೆ ಅದನ್ನು ಹಿಡಿದು ಅಲ್ಲಾಡಿಸಿ ನೋಡುವುದಕ್ಕೆ ಸಂಕೋಚ ಬೇಡ.

ಚಳಿಗಾಲದಲ್ಲಿ ಸಿಲಿಂಡರ್ ಹೊರಗೆ ಬೆಳ್ಳಗೆ ಹಿಮ ಕಟ್ಟುತ್ತದೆ. ಒಳಗಿನ ದ್ರವ ಆವಿಯಾಗುತ್ತಾ ತನ್ನನ್ನೇ ತಣ್ಣಗೆ ಮಾಡಿಕೊಳ್ಳುತ್ತದೆ, ಒತ್ತಡ ಇಳಿಯುತ್ತದೆ. ಒಂದು ಜನವರಿಯಲ್ಲಿ ಕಾಲು ಭಾಗ ಉಳಿದಿದ್ದ ಸಿಲಿಂಡರಿನಿಂದ ಶುರು ಮಾಡಿ, ಕುದಿಯ ಮಧ್ಯೆ ಉರಿ ಸೊರಗಿ ಹೋಯಿತು. ಈಗ ಚಳಿಗೆ ತುಂಬಿದ ಸಿಲಿಂಡರ್, ಬೇಸಿಗೆಗೆ ಅರೆಬರೆ ಉಳಿದದ್ದು. 20 ಪೌಂಡಿನ ಸಿಲಿಂಡರಿನಲ್ಲಿ 9 ಕಿಲೋ ಗ್ಯಾಸ್ ಹಿಡಿಯುತ್ತದೆ. ನೀರು ಕಾಯಿಸುವುದರಿಂದ ಕುದಿ ಮುಗಿಯುವವರೆಗೆ ನನಗೆ ಒಂದು ದಿನಕ್ಕೆ 2 ಕಿಲೋದೊಳಗೆ ಸಾಕು.

ಮನೆಯ ಒಳಗಾಗಲಿ, ಗ್ಯಾರೇಜಿನಲ್ಲಾಗಲಿ, ಬಾಗಿಲು ತೆರೆದಿದ್ದರೂ ಇದನ್ನು ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಕೂರುತ್ತದೆ. ಮರದ ಜಗಲಿಯ (ಡೆಕ್) ಮೇಲೂ ಬೇಡ. ಪ್ರತಿ ಸಲ ಜೋಡಣೆಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತೇನೆ. ಕೆಲವು ತಿಂಗಳು ಸುಮ್ನೆ ಇಟ್ಟಿದ್ದ ಬರ್ನರ್ ಆದರೆ ಕೊಳವೆಯೊಳಗೆ ಬ್ರಷ್ ಹಾಕಿ ಎಳೆಯುತ್ತೇನೆ. ಜೇಡಗಳು ಅಲ್ಲಿ ಬಲೆ ಕಟ್ಟುತ್ತವೆ, ಆಗ ಬೆಂಕಿ ತಿರುಗಿ ಕೊಳವೆಯೊಳಗೇ ಹತ್ತಿಕೊಳ್ಳಬಹುದು.

ಗ್ಯಾರೇಜಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇನೆ. ಪ್ರತಿ ಬ್ಯಾಚಿನ ದಿನಾಂಕ, ಹವಾಮಾನ, ಸಿಲಿಂಡರಿನ ತೂಕ. ಕಳೆದ ಶನಿವಾರದ ಸಾಲು ಹೀಗಿದೆ: ಗೋಧಿ ಬಿಯರ್, ಗಾಳಿ ಇಲ್ಲ, ಒಟ್ಟು 1 ಕಿಲೋ 700 ಗ್ರಾಂ, ತಳ ಶುಭ್ರ.