ಎಪಿಕ್‌ನಲ್ಲಿ ಪುಕ್ಕಟೆ ಸಿಕ್ಕ ವಾರ ಸ್ಟೀಮ್‌ನಲ್ಲಿ ಎಷ್ಟು ಇಳಿಯಿತು? ನಾನು ಲೆಕ್ಕ ಹಾಕುವ ಬಗೆ

ಎಪಿಕ್, ಸ್ಟೀಮ್ ಎರಡೂ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು. ಎಪಿಕ್ ಗುರುವಾರ ಪುಕ್ಕಟೆ ಹಂಚುವ ಗೇಮ್ ಸ್ಟೀಮ್‌ನಲ್ಲಿ ಎಷ್ಟು ಮಾರಾಟವಾಯಿತು ಎಂಬ ಅಂಕಿಯನ್ನು ಸ್ಟೀಮ್ ಹೊರಗೆ ಬಿಡುವುದಿಲ್ಲ. ಕೊಳ್ಳುವವರು ಕಡಿಮೆಯಾದರೆ ರಿವ್ಯೂವೂ ಕಡಿಮೆಯಾಗುತ್ತದೆ ಎಂದುಕೊಂಡು, ದಿನಕ್ಕೆ ಎಷ್ಟು ಹೊಸ ರಿವ್ಯೂ ಬಿದ್ದವು ಎಂದು ಎಣಿಸುತ್ತೇನೆ.

ಸ್ಟೀಮ್‌ನ ರಿವ್ಯೂ ಎಪಿಐಗೆ (ಪ್ರೋಗ್ರಾಂ ಮೂಲಕ ರಿವ್ಯೂ ಇಳಿಸಿಕೊಳ್ಳುವ ದಾರಿ) ಪ್ರವೇಶದ ಕೀ ಬೇಡ, ಕೇಳಿದರೆ ಒಂದು ಸಲಕ್ಕೆ ಹೆಚ್ಚೆಂದರೆ 100 ರಿವ್ಯೂ ಕೊಡುತ್ತದೆ. ಫಿಲ್ಟರ್ 'ರೀಸೆಂಟ್', ಭಾಷೆ 'ಆಲ್', ಪರ್ಚೇಸ್ ಟೈಪ್ 'ಸ್ಟೀಮ್' ಇಡಿ. ಪರ್ಚೇಸ್ ಟೈಪ್ 'ಆಲ್' ಆದರೆ ಬೇರೆ ಕಡೆ ಗೇಮ್‌ನ ಕೀ (ಸ್ಟೀಮ್‌ನಲ್ಲಿ ಗೇಮ್ ತೆರೆಯುವ ಕೋಡ್) ಕೊಂಡವರೂ ನುಸುಳುತ್ತಾರೆ. ಮುಂದಿನ ಪುಟ ಕೇಳಲು ಎಪಿಐ ಕೊಡುವ ಗುರುತಾದ ಕರ್ಸರ್ ಅನ್ನು ಯುಆರ್‌ಎಲ್‌ಗೆ ತಕ್ಕಂತೆ ಎನ್‌ಕೋಡ್ ಮಾಡದೆ ಕಳಿಸಿದರೆ ಅದರಲ್ಲಿರುವ ಪ್ಲಸ್ ಚಿಹ್ನೆ ಕೆಟ್ಟು ಮುಂದಿನ ಪುಟ ಸರಿಯಾಗಿ ಬರುವುದಿಲ್ಲ. ರಿವ್ಯೂ ಐಡಿ ಹಿಡಿದು ನಕಲು ತೆಗೆಯುವುದು ಕ್ಷೇಮ. ಗೇಮ್ ಸುದ್ದಿಯಾದಾಗ ಹಳೇ ಗಿರಾಕಿಗಳೂ ಬರೆಯಲು ಕೂರುತ್ತಾರಲ್ಲ, ಅದಕ್ಕೆ ರಿವ್ಯೂ ಬರೆಯುವ ಹೊತ್ತಿಗೆ 600 ನಿಮಿಷಕ್ಕಿಂತ ಹೆಚ್ಚು ಆಡಿದ್ದವರನ್ನು ಕೈಬಿಡುತ್ತೇನೆ.

ಹೆಚ್ಚಿನವರು ಎಡವುವುದು ದಿನಾಂಕದಲ್ಲಿ. ಮುಂದಿನ ವಾರದ ಗೇಮ್ ಯಾವುದೆಂದು ಎಪಿಕ್ ಸಾಮಾನ್ಯವಾಗಿ ಒಂದು ವಾರ ಮೊದಲೇ ಹೇಳುತ್ತದೆ. ಪುಕ್ಕಟೆ ಬರುತ್ತದೆಂದು ಗೊತ್ತಾದ ಮೇಲೆ ಯಾರು ದುಡ್ಡು ಕೊಡುತ್ತಾರೆ? ಇಳಿಕೆ ಶುರುವಾಗುವುದು ಅಲ್ಲಿಂದ. ಆದ್ದರಿಂದ ಘೋಷಣೆಗೆ ಹಿಂದಿನ 28 ದಿನ ತಳಪಾಯ, ನಂತರದ 14 ದಿನ ಪರೀಕ್ಷೆ. ಎಪಿಐ ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತದೆ. ಎಪಿಕ್‌ನ ಪುಕ್ಕಟೆ ಗೇಮ್ ಬದಲಾಗುವುದು ನಮ್ಮ ರಾತ್ರಿ 8:30ಕ್ಕೆ, ಅಮೆರಿಕದ ಚಳಿಗಾಲದಲ್ಲಿ 9:30ಕ್ಕೆ. ದಿನವನ್ನು ಅಲ್ಲೇ ಕತ್ತರಿಸಿ, ನಡುರಾತ್ರಿಗಲ್ಲ.

ಜೊತೆಗೆ ಅದೇ ಬಗೆಯ, ಅದೇ ಬೆಲೆಯ, ಡಿಸ್ಕೌಂಟ್ ಇಲ್ಲದ ಐದಾರು ಗೇಮ್ ಹೋಲಿಕೆಗೆ ಬೇಕು. ನಮ್ಮ ಗೇಮ್ ದಿನಕ್ಕೆ 40 ರಿವ್ಯೂನಿಂದ 30ಕ್ಕೆ ಇಳಿದು, ಹೋಲಿಕೆಯ ಗುಂಪು 50ರಿಂದ 45ಕ್ಕೆ ಇಳಿಯಿತು ಅಂದುಕೊಳ್ಳಿ: 0.75 ಭಾಗಿಸು 0.90, ಅಂದರೆ 0.83. ನಿಜವಾದ ಇಳಿಕೆ 25 ಅಲ್ಲ, ಶೇ. 17. ತಳಪಾಯ ದಿನಕ್ಕೆ 10 ರಿವ್ಯೂಗಿಂತ ಕಡಿಮೆಯಿದ್ದರೆ ನಾನು ಬಾಯಿಯೇ ಬಿಡುವುದಿಲ್ಲ.

ಡಿಸೆಂಬರ್ ಗೇಮ್‌ಗಳನ್ನು ಮುಟ್ಟಬೇಡಿ. ಆಗ ಎಪಿಕ್ ದಿನಕ್ಕೊಂದು ಕೊಡುತ್ತದೆ, ಸ್ಟೀಮ್‌ನಲ್ಲಿ ವಿಂಟರ್ ಸೇಲ್. ಯಾವುದರಿಂದ ಏನಾಯಿತೆಂದು ಬಿಡಿಸಲಾಗದು.

ಇಳಿದದ್ದೆಲ್ಲ ಪಬ್ಲಿಷರ್‌ಗೆ ನಷ್ಟವೂ ಅಲ್ಲ. ಎಪಿಕ್ ಮತ್ತು ಆ್ಯಪಲ್ ನಡುವಿನ 2021ರ ಮೊಕದ್ದಮೆಯ ದಾಖಲೆಗಳ ಪ್ರಕಾರ, ಪುಕ್ಕಟೆ ಹಂಚಿದ ಮೊದಲ 38 ಗೇಮ್‌ಗಳಿಗೆ ಎಪಿಕ್ ಕೊಟ್ಟದ್ದು ಸುಮಾರು 1.16 ಕೋಟಿ ಡಾಲರ್. 'ಸಬ್‌ನಾಟಿಕಾ' ಒಂದಕ್ಕೇ 14 ಲಕ್ಷ. ಆ ಶೇ. 17 ಅನ್ನು ಡಾಲರಿಗೆ ತಿರುಗಿಸಿ ಈ ಮೊತ್ತದ ಪಕ್ಕದಲ್ಲಿಟ್ಟು ನೋಡಬೇಕು.