ಗದ್ದಕ್ಕೆ ಪೆಟ್ಟಾದರೆ ನಾನು ಮೊದಲು ಮುಟ್ಟುವುದು ಕಿವಿಯ ಮುಂದೆ

ಬಸವನಗುಡಿಯಲ್ಲಿ ಮಕ್ಕಳ ಹಲ್ಲಿನ ಕ್ಲಿನಿಕ್ ನಡೆಸುತ್ತೇನೆ. ದವಡೆ ಕೀಲಿನ ವಿಷಯ ಬಂದರೆ ಅಪ್ಪ ಅಮ್ಮಂದಿರು ಹೆದರುವುದು ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ. ಅದನ್ನು ಹೆಚ್ಚಿನ ಮಕ್ಕಳು ಬೆಳೆಯುತ್ತ ತಾವೇ ಬಿಡುತ್ತಾರೆ. ನನಗೆ ಭಯ ಗದ್ದದ ಪೆಟ್ಟಿನದು.

ಸ್ಕೂಟರ್ ಮುಂದೆ ನಿಂತ ಮಗು, ಬಣ್ಣ ಹೊಡೆಯದ ಹಂಪು, ದಿಢೀರ್ ಬ್ರೇಕು. ಗದ್ದ ನೇರ ಹ್ಯಾಂಡಲ್‌ಗೆ. ಹೊಲಿಗೆ ಹಾಕಿಸಿ ಮನೆಗೆ ಹೋಗುತ್ತಾರೆ, ಮುಗೀತು ಅಂದುಕೊಳ್ಳುತ್ತಾರೆ. ಆದರೆ ಆ ಏಟು ದವಡೆಯ ಉದ್ದಕ್ಕೂ ಸಾಗಿ ಕಿವಿಯ ಮುಂದಿನ ಕೀಲಿಗೆ ತಾಗಿರುತ್ತದೆ. ಚಿಕ್ಕವರಲ್ಲಿ ಅಲ್ಲಿನ ಮೂಳೆಯ ತಲೆ ಮೆತ್ತಗೆ. ಅದು ಜಜ್ಜಿ ಒಳಗೆ ರಕ್ತ ಕಟ್ಟಿ, ನೋವಿಗೆ ಮಗು ಬಾಯಿ ಆಡಿಸದೇ ಇದ್ದರೆ ಕೀಲು ಬೆಸೆದುಕೊಳ್ಳಬಹುದು. ಆಮೇಲೆ ಬಾಯಿ ತೆರೆಯದು, ಗದ್ದ ಬೆಳೆಯದು, ಮಲಗಿದರೆ ಉಸಿರಿಗೂ ಕಷ್ಟ. ಆಪರೇಷನ್ನೇ ಗತಿ.

ಹಾಗಾಗಿ ಗದ್ದದಲ್ಲಿ ಹೊಲಿಗೆ ಕಂಡರೆ ಹಲ್ಲು ಆಮೇಲೆ. ಎರಡೂ ಕಿವಿಯ ಮುಂದೆ ಬೆರಳಿಟ್ಟು, "ಬನ್ನೇರುಘಟ್ಟದ ಸಿಂಹ ಹೇಗೆ ಆಕಳಿಸುತ್ತೆ, ತೋರಿಸು" ಅನ್ನುತ್ತೇನೆ. ಚೆನ್ನಾಗಿರುವ ಕೀಲುಗಳು ಬೆರಳಿನ ಕೆಳಗೆ ಒಟ್ಟಿಗೇ ಮುಂದಕ್ಕೆ ಜಾರುತ್ತವೆ. ಗದ್ದ ಒಂದು ಪಕ್ಕಕ್ಕೆ ವಾಲಿದರೆ ಸಾಮಾನ್ಯವಾಗಿ ಪೆಟ್ಟು ಆ ಪಕ್ಕದ್ದೇ. ಮಗುವಿನ ಮೂರು ಬೆರಳು ಒಂದರ ಮೇಲೊಂದು ಹಲ್ಲುಗಳ ನಡುವೆ ಹಿಡಿಸಬೇಕು. ಮಗುವಿನದೇ ಬೆರಳು, ಅಪ್ಪನದಲ್ಲ! ಹಲ್ಲು ಮೊದಲಿನ ಹಾಗೆ ಕೂಡದಿದ್ದರೂ ಸ್ಕ್ಯಾನ್ ಬರೆಯುತ್ತೇನೆ. ಮಾಮೂಲಿ ಎಕ್ಸ್‌ರೇಯಲ್ಲಿ ಕೀಲಿನ ಮೂಳೆಯ ಬಿರುಕು ತಪ್ಪಿಸಿಕೊಳ್ಳಬಹುದು.

ಬಿರುಕಿದ್ದರೂ ಪುಟ್ಟ ಮಕ್ಕಳಿಗೆ ಸಾಮಾನ್ಯವಾಗಿ ಕತ್ತರಿ ಬೇಡ. ಕೆಲವು ದಿನ ರಾಗಿ ಸರಿ, ಮೊಸರನ್ನ, ನೋವಿನ ಔಷಧಿ. ಜೊತೆಗೆ ಬೇಗನೆ ವ್ಯಾಯಾಮ. ತೊಳೆದ ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಡಿಸುತ್ತೇನೆ, ಸಲೀಸಾದಂತೆ ಇನ್ನೊಂದು ಕಡ್ಡಿ ಸೇರಿಸುತ್ತೇವೆ. ಮಕ್ಕಳಿಗೆ ಇದು ಪಂದ್ಯ. "ಬಾಯಿ ಆಡಿಸ್ಬೇಡ ಕಂದ" ಅನ್ನುವ ಅಜ್ಜಿಯನ್ನು ಒಪ್ಪಿಸುವುದೇ ನಿಜವಾದ ಕೆಲಸ. ಆಮೇಲೂ ಆಗಾಗ ಕರೆಸಿ ಮುಖ ಎರಡೂ ಕಡೆ ಸಮನಾಗಿ ಬೆಳೆಯುತ್ತಿದೆಯಾ ಅಂತ ನೋಡುತ್ತೇನೆ.

ಪೆಟ್ಟಿಲ್ಲದೆಯೂ ಬೆಳಗಿನ ಹೊತ್ತು ಬಾಯಿ ಬಿಗಿ, ಮಂಡಿ ಊತ ಇದ್ದರೆ ಮಕ್ಕಳ ಸಂಧಿವಾತ ಇರಬಹುದು, ಅದರ ತಜ್ಞರ ಬಳಿ ಕಳಿಸುತ್ತೇನೆ. ಸೋರುವ ಕಿವಿಯನ್ನೂ ಸುಮ್ನೆ ಬಿಡಬಾರದು, ಸೋಂಕು ಪಕ್ಕದ ಕೀಲಿಗೆ ಇಳಿಯಬಹುದು.

9 ತಿಂಗಳಿಂದ 4 ವರ್ಷದ ಮಕ್ಕಳಿಗೆ ಬೈಕಿನಲ್ಲಿ ಬೆಲ್ಟು, ಹೆಲ್ಮೆಟ್ಟು ಕಡ್ಡಾಯ, ವೇಗ 40 ಕಿಲೋಮೀಟರ್ ದಾಟಬಾರದು ಅಂತ 2023ರಿಂದ ಕೇಂದ್ರದ ನಿಯಮವೇ ಇದೆ. ಆದರೆ ಅರ್ಧ ಹೆಲ್ಮೆಟ್ಟು ಗದ್ದ ಕಾಯುವುದಿಲ್ಲ ಅಲ್ವಾ? ಮುಂದೆ ನಿಲ್ಲಿಸಬೇಡಿ, ಹಿಂದೆ ಕೂರಿಸಿ ಬೆಲ್ಟ್ ಹಾಕಿ ಅಂತ ಪ್ರತಿ ಸ್ಕೂಟರ್ ಅಪ್ಪನಿಗೂ ಹೇಳುತ್ತೇನೆ.